ಡೆನ್ಸಿಯೋ ತಂದ ಸಣ್ಣ ಕಪ್

ಸೋತವನಿಗೆ ದೊಡ್ಡ ಕಪ್, ಗೆದ್ದವನಿಗೆ ಸಣ್ಣ ಕಪ್ ಕೊಡುವ ಪದ್ಧತಿ ಲೋಕದಲ್ಲಿ ಬೇರೆಲ್ಲೂ ಇದ್ದಂತಿಲ್ಲ. ಇರುವುದು ತಿರ್ಸೋನ ಗಾಲ್ಫ್ ಪಂದ್ಯಾವಳಿಯಲ್ಲಿ ಮಾತ್ರ. ಪಂದ್ಯಾವಳಿ ಅಂದರೆ ಹೆದರಬೇಕಾದ್ದೇನೂ ಇಲ್ಲ. ಸಾಂತಾ ಬೆನೀತಾ ಪಟ್ಟಣದ ಹೈಸ್ಕೂಲಿನಲ್ಲಿ ಒಂದೇ ತರಗತಿಯಲ್ಲಿ ಕೂತು ಒಂದೇ ಬೆತ್ತದಿಂದ ಏಟು ತಿಂದ ಎಂಟು ಜನ, ಈಗ ಎಲ್ಲರೂ ಅರವತ್ತು ದಾಟಿದವರು, ವರ್ಷಕ್ಕೊಮ್ಮೆ ವ್ಯಾನು ಮಾಡಿಕೊಂಡು ತಮ್ಮ ದ್ವೀಪದ ನಡುವಿನ ಬುಕಿಡ್ನೊನ್ ಬೆಟ್ಟಕ್ಕೆ ಹೋಗುತ್ತಾರೆ. ಅಲ್ಲಿ ಅನಾನಸ್ ತೋಟಗಳ ನಡುವೆ ಒಂದು ಗಾಲ್ಫ್ ಮೈದಾನವಿದೆ. ಹೋದ ದಿನ ಕುಡಿಯುವುದು, ಮಾರನೆಯ ದಿನ ಆಡುವುದು, ಇಳಿದು ಬರುವಾಗ ದಾರಿಯುದ್ದಕ್ಕೂ ಆಟದ ಬಗ್ಗೆ ಜಗಳವಾಡುವುದು. ಇಷ್ಟೇ ಪಂದ್ಯಾವಳಿ. ಇದರ ಅಧ್ಯಕ್ಷ, ಕಾರ್ಯದರ್ಶಿ, ತೀರ್ಪುಗಾರ ಮತ್ತು ಪ್ರತಿ ವರ್ಷದ ವಿಜೇತ ಎಲ್ಲವೂ ತಿರ್ಸೋನೇ. ಸಾಲು ಸಾಲು ಲಾರಿಗಳ ಒಡೆಯನಾದ್ದರಿಂದ ಅವನಿಗೆ ಇದರಲ್ಲಿ ತಪ್ಪೇನೂ ಕಾಣುತ್ತಿರಲಿಲ್ಲ.

ನಿಯಮ ಮಾಡಿದವನೂ ಅವನೇ. ಗೆದ್ದವನಿಗೆ ಬೇಯಿಸಿದ ಮೊಟ್ಟೆಯೊಂದನ್ನು ಕೂರಿಸಬಹುದಾದಷ್ಟು ಸಣ್ಣ ಕಪ್. ಕೊನೆಗೆ ಬಂದವನಿಗೆ ಸೊಂಟದೆತ್ತರದ ಕಪ್, ಅದಕ್ಕೆ ಎರಡು ಹಿಡಿ, ನೆತ್ತಿಯ ಮೇಲೆ ರೆಕ್ಕೆ ಬಿಚ್ಚಿದ ಹದ್ದು. ಗೆದ್ದವನಿಗೆ ಗೆದ್ದ ಸಂತೋಷವೇ ಸಾಕು, ಸೋತವನ ಕೈಯಲ್ಲಿ ಏನಾದರೂ ಇರಬೇಕಲ್ಲ ಎಂಬುದು ತಿರ್ಸೋನ ವಾದ. ಸೋತವನು ಅದನ್ನು ಹೊತ್ತುಕೊಂಡು ಹೋಗಿ ಬಂದವರಿಗೆಲ್ಲ ಕಾಣುವಂತೆ ನಡುಮನೆಯಲ್ಲಿ ಇಡಬೇಕು. ಮುಂದಿನ ವರ್ಷ ಒರೆಸಿ ಹೊಳಪು ಮಾಡಿ ವಾಪಸು ತರಬೇಕು. ಇಲ್ಲದಿದ್ದರೆ ವ್ಯಾನಿನಲ್ಲಿ ಜಾಗವಿಲ್ಲ. ಕಪ್ಪಿನ ಬುಡಕ್ಕೆ ವರ್ಷಕ್ಕೊಂದು ತಗಡು ಬಡಿಯುತ್ತಾರೆ. ಅದರ ಮೇಲೆ ಸೋತವನ ಹೆಸರು, ಹೆಸರಿನ ಕೆಳಗೆ ‘ಅತಿ ಹೆಚ್ಚು ಹೊಡೆತ’ ಎಂಬ ಬಿರುದು. ಗಾಲ್ಫಿನಲ್ಲಿ ಚೆಂಡನ್ನು ಎಷ್ಟು ಕಡಿಮೆ ಹೊಡೆತಗಳಲ್ಲಿ ಗುಳಿಗೆ ಬೀಳಿಸಿದರೆ ಅಷ್ಟು ಹೆಚ್ಚುಗಾರಿಕೆ. ಹೆಚ್ಚು ಹೊಡೆದವನು ಬರೀ ಬೆವರಿದವನು.

ಆರು ವರ್ಷದಿಂದ ಬೆವರುತ್ತಿದ್ದವನು ಡೆನ್ಸಿಯೋ. ನೀರಿನ ಮೀಟರು ಓದುವವರ ಮೇಲ್ವಿಚಾರಕನಾಗಿದ್ದು ನಿವೃತ್ತನಾದ ಸಾಧು ಪ್ರಾಣಿ. ಮೊದಲ ವರ್ಷ ಆ ಕಪ್ಪನ್ನು ತಬ್ಬಿಕೊಂಡು ತನ್ನ ಲುನಾಯ್ ಬಡಾವಣೆಯಲ್ಲಿ ಅವನು ರಿಕ್ಷಾದಿಂದ ಇಳಿದಾಗ ಹೆಂಡತಿ ಸಿಮಾ ಬಾಗಿಲಲ್ಲೇ ನಿಂತಿದ್ದಳು. ಇದನ್ನು ಯಾರು ಕೊಟ್ಟರು ಎಂದು ಕೇಳಿದಳು. ಗೆಳೆಯರು ಕೊಟ್ಟರು ಎಂದ. ಅದು ನಿಜವೇ. ಅಷ್ಟರಲ್ಲಿ ಪಕ್ಕದ ಮನೆಯ ಎಲ್ಪಿದಿಯೋ, ಬಡಾವಣೆಯ ಪಂಚಾಯಿತಿ ಸದಸ್ಯ, ಬಗ್ಗಿ ತಗಡನ್ನು ಗಟ್ಟಿಯಾಗಿ ಓದಿದ. ಲುನಾಯ್ ಬಡಾವಣೆಯವರು ಬ್ಯಾಸ್ಕೆಟ್‌ಬಾಲನ್ನು ಬಿಟ್ಟು ಬೇರೆ ಆಟ ಕಂಡವರಲ್ಲ. ಹೆಚ್ಚು ಅಂಕ ಹೊಡೆದವನು ಗೆದ್ದವನು ಎಂಬುದು ಅಲ್ಲಿ ಹಾಲು ಕುಡಿಯುವ ಮಕ್ಕಳಿಗೂ ಗೊತ್ತು. ‘ಅತಿ ಹೆಚ್ಚು’ ಎಂದು ತಗಡಿನಲ್ಲೇ ಕೆತ್ತಿರುವಾಗ ಇನ್ನು ಕೇಳುವುದೇನಿದೆ? ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ, ಕತ್ತಲಾಗುವ ಮೊದಲೇ ಡೆನ್ಸಿಯೋ ಬಡಾವಣೆಯ ಗಾಲ್ಫ್ ಚಾಂಪಿಯನ್ ಆಗಿಬಿಟ್ಟಿದ್ದ.

ಅದು ಹಾಗಲ್ಲ ಎಂದು ಹೇಳಲು ಅವನು ಬಾಯಿ ತೆರೆದದ್ದುಂಟು. ಆದರೆ ಆ ಹೊತ್ತಿಗೆ ಸರಿಯಾಗಿ ಸಿಮಾ ಮೀನಿನ ತಲೆಯ ತುಂಡನ್ನು ಅವನ ತಟ್ಟೆಗೆ ಹಾಕಿದಳು. ಮದುವೆಯಾದಂದಿನಿಂದ ಆ ತುಂಡು ಅವಳ ತಮ್ಮನ ತಟ್ಟೆಗೆ ಹೋಗುತ್ತಿತ್ತು. ಡೆನ್ಸಿಯೋ ತೆರೆದ ಬಾಯನ್ನು ಊಟಕ್ಕೆ ಬಳಸಿಕೊಂಡ. ಆಮೇಲೆ ಈ ವಿಷಯಕ್ಕೆಂದು ಆ ಬಾಯಿ ತೆರೆದದ್ದೇ ಇಲ್ಲ.

ಆದರೆ ಮನುಷ್ಯನಿಗೆ ಛಲವಿತ್ತು. ಬಡಾವಣೆಯ ಹಿಂದೆ ನಗರಸಭೆಯ ಖಾಲಿ ಮೈದಾನವೊಂದಿದೆ. ಸಂಜೆ ಹುಡುಗರು ಆಡುತ್ತಾರೆ, ಹೆಂಗಸರು ಸುತ್ತು ಹಾಕುತ್ತಾರೆ, ಸತ್ತವರ ಮನೆಯವರು ಶಾಮಿಯಾನ ಹಾಕುತ್ತಾರೆ. ದಿನಾ ಬೆಳಗ್ಗೆ, ಇವರೆಲ್ಲ ಏಳುವ ಮೊದಲು, ಡೆನ್ಸಿಯೋ ಒಂದು ಬಕೆಟ್ ಹಳೆಯ ಚೆಂಡು ಹಿಡಿದುಕೊಂಡು ಅಲ್ಲಿಗೆ ಹೋಗುತ್ತಿದ್ದ. ಹೇಗಾದರೂ ಮಾಡಿ ಆ ಹದ್ದನ್ನು ಇನ್ನೊಬ್ಬನ ಮನೆಗೆ ಹಾರಿಸಬೇಕು ಎಂಬುದೊಂದೇ ಅವನ ವ್ರತ. ಚಾಂಪಿಯನ್ ಅಭ್ಯಾಸ ಮಾಡುತ್ತಿದ್ದಾನೆ ಎಂದು ಜನ ಹಾಸಿಗೆಯಲ್ಲೇ ಹೆಮ್ಮೆಪಡುತ್ತಿದ್ದರು.

ಹೀಗಿರುವಾಗ ಆ ಮೈದಾನವನ್ನು ಕಸದ ಲಾರಿಗಳ ನಿಲ್ದಾಣ ಮಾಡುತ್ತಾರೆ ಎಂಬ ಸುದ್ದಿ ಬಂತು. ಇಡೀ ಪಟ್ಟಣದ ಕಸ ರಾತ್ರಿ ಹೊತ್ತು ಲುನಾಯ್ ಬಡಾವಣೆಯ ಹಿತ್ತಿಲಲ್ಲಿ ಮಲಗುವುದು ಎಂದರ್ಥ. ಬಡಾವಣೆಗೆ ಬೆಂಕಿ ಬಿದ್ದಂತಾಯಿತು. ಬಡಾವಣೆಯ ಕ್ಯಾಪ್ಟನ್ ಪ್ಲಾಸಿಡಾ ಅಮ್ಮನವರು, ಪಂಚಾಯಿತಿಯ ಮುಖ್ಯಸ್ಥೆಯಾಗಿ ಮೂರು ಚುನಾವಣೆ ಗೆದ್ದ ಹೆಂಗಸು, ಮನವಿ ಕೊಟ್ಟರು, ನಗರಸಭೆಯ ಮೆಟ್ಟಿಲ ಮೇಲೆ ಕೂತರು, ಬಿಷಪ್ಪರ ತಂಗಿಯ ಕೈಯಲ್ಲಿ ಹೇಳಿಸಿದರು. ಏನೂ ನಡೆಯಲಿಲ್ಲ. ಕೊನೆಗೆ ತಮಗೆ ಚೆನ್ನಾಗಿ ಗೊತ್ತಿರುವ ಕೆಲಸ ಮಾಡಿದರು. ಒಂದು ಬ್ಯಾನರ್ ಹಾಕಿಸಿದರು.

ಆ ಬಡಾವಣೆಯಲ್ಲಿ ಯಾರು ನರ್ಸಿಂಗ್ ಪರೀಕ್ಷೆ ಪಾಸಾದರೂ, ಯಾರಿಗೆ ಹಡಗಿನಲ್ಲಿ ಕೆಲಸ ಸಿಕ್ಕರೂ, ಯಾರ ಹುಂಜ ಕಾಳಗದಲ್ಲಿ ಗೆದ್ದರೂ ಅಭಿನಂದನೆಯ ಬ್ಯಾನರ್ ಬೀಳುತ್ತದೆ. ಅದರಲ್ಲಿ ಕ್ಯಾಪ್ಟನ್ನರ ಮುಖ ಮುಕ್ಕಾಲು ಪಾಲು, ಉಳಿದದ್ದು ಸಾಧಕನಿಗೆ. ಈ ಸಲ ಬೇಲಿಯುದ್ದಕ್ಕೂ ಹರಡಿದ ಬ್ಯಾನರಿನಲ್ಲಿ ಕ್ಯಾಪ್ಟನ್ ನಗುತ್ತಿದ್ದರು, ಅವರ ಭುಜದ ಪಕ್ಕ ಕಪ್ ಹೊಳೆಯುತ್ತಿತ್ತು, ಹದ್ದಿನ ರೆಕ್ಕೆಯ ಹಿಂದಿನಿಂದ ಡೆನ್ಸಿಯೋ ಇಣುಕುತ್ತಿದ್ದ. ‘ಆರು ಬಾರಿಯ ಗಾಲ್ಫ್ ಚಾಂಪಿಯನ್ನರ ತರಬೇತಿ ಮೈದಾನ’ ಎಂದು ಒಂದೊಂದು ಮೊಳದ ಅಕ್ಷರದಲ್ಲಿ ಬರೆದಿತ್ತು. ಬೆಳಗ್ಗೆ ಬಕೆಟ್ ಹಿಡಿದು ಬಂದ ಡೆನ್ಸಿಯೋ ಅದನ್ನು ನೋಡಿ ಚೆಂಡುಗಳನ್ನು ಕಾಲ ಮೇಲೆ ಸುರಿದುಕೊಂಡ.

ಅಳತೆ ಮಾಡಲು ಬಂದ ನಗರಸಭೆಯ ಎಂಜಿನಿಯರ್ ವಲ್ಮೋರೆಸ್ ಬ್ಯಾನರಿನ ಮುಂದೆ ಬಹಳ ಹೊತ್ತು ನಿಂತರು. ಕ್ರೀಡಾಪಟು ನಿಜವಾಗಿಯೂ ಬಳಸುತ್ತಿರುವ ಮೈದಾನವಾದರೆ ನಿಯಮದ ಪ್ರಕಾರ ಅದನ್ನು ಮುಟ್ಟುವಂತಿಲ್ಲ, ಲಾರಿಗಳಿಗೆ ಬೇರೆ ಜಾಗ ನೋಡಬೇಕಾಗುತ್ತದೆ ಎಂದರು. ಆದರೆ ಬ್ಯಾನರ್ ಸಾಕ್ಷಿಯಲ್ಲ, ಬ್ಯಾನರಿನಲ್ಲಿ ಯಾರು ಏನು ಬೇಕಾದರೂ ಬರೆಸಬಹುದು ಎಂದೂ ಸೇರಿಸಿದರು. ಕ್ಯಾಪ್ಟನ್ನರ ಮುಖ ಬ್ಯಾನರಿನಲ್ಲಿ ನಗುತ್ತಲೇ ಇತ್ತು, ಹೊರಗೆ ಸ್ವಲ್ಪ ಬಾಡಿತು.

“ಬರೋ ಭಾನುವಾರ ಈ ವರ್ಷದ ಪಂದ್ಯ ಮುಗಿಸಿಕೊಂಡು ಬರ್ತಾರೆ ಎಂಜಿನಿಯರ್,” ಎಂದರು ಕ್ಯಾಪ್ಟನ್. “ನೀವೇ ಬನ್ನಿ. ಕಪ್ ಹಿಡ್ಕೊಂಡು ಈ ಮೈದಾನಕ್ಕೇ ಇಳೀತಾರೆ. ಕಣ್ಣಾರೆ ನೋಡಿ, ಆಮೇಲೆ ಬರ್ಕೊಳ್ಳಿ.”

“ಕಪ್ ಬರ್ಲಿಲ್ಲ ಅಂದ್ರೆ?”

“ಲಾರಿ ತಂದು ನಿಲ್ಲಿಸಿ. ನಾನೇ ಹಾರ ಹಾಕ್ತೀನಿ.”

ಅಲ್ಲೇ ನಿಂತಿದ್ದ ಡೆನ್ಸಿಯೋ ಏನೋ ಹೇಳಲು ಹೊರಟ. ಚಾಂಪಿಯನ್ನರಿಗೆ ಸ್ವಲ್ಪ ಸಂಕೋಚದ ಸ್ವಭಾವ ಎಂದು ಕ್ಯಾಪ್ಟನ್ ಅವನ ಬೆನ್ನಿಗೊಂದು ಏಟು ಕೊಟ್ಟರು. ಅದು ಬಿಸಿ ತುಪ್ಪವಾಯಿತು, ಉಗುಳುವಂತಿಲ್ಲ, ನುಂಗುವಂತಿಲ್ಲ.

ಮನೆಗೆ ಬಂದು ಕೂತು ಯೋಚಿಸಿದಾಗ ಅವನಿಗೆ ಹೆದರುವಂಥದ್ದೇನೂ ಕಾಣಲಿಲ್ಲ. ಮೈದಾನ ಉಳಿಯಬೇಕಾದರೆ ದೊಡ್ಡ ಕಪ್ ಬರಬೇಕು. ದೊಡ್ಡ ಕಪ್ ಬರಬೇಕಾದರೆ ಅವನು ಕೊನೆಗೆ ಬರಬೇಕು. ಈ ಕೆಲಸದಲ್ಲಿ ಅವನಿಗಿದ್ದಷ್ಟು ಅನುಭವ ಆ ದ್ವೀಪದಲ್ಲಿ ಇನ್ನಾರಿಗೂ ಇರಲಿಲ್ಲ. ಬಡಾವಣೆಗಾಗಿ ಇನ್ನೊಂದು ಸಲ ಸೋತರಾಯಿತು ಎಂದುಕೊಂಡ. ಸಿಮಾ ಕಪ್ಪನ್ನು ಹುಣಸೆ ಹಚ್ಚಿ ಬೆಳಗಿ, ಹಳೆಯ ದುಪ್ಪಟಿಯಲ್ಲಿ ಮಗುವಿನಂತೆ ಸುತ್ತಿ ಕೊಟ್ಟಳು.

ಎಲ್ಪಿದಿಯೋ ಬಡಾವಣೆಯ ಅಧಿಕೃತ ಸಾಕ್ಷಿಯಾಗಿ ವ್ಯಾನು ಹತ್ತಿದ. ಪ್ರತಿ ಗುಳಿಯ ಅಂಕವನ್ನು ಫೋನಿನಲ್ಲಿ ಕ್ಯಾಪ್ಟನ್ನರಿಗೆ ತಿಳಿಸುವ ಕೆಲಸ ಅವನದು. ಗಾಲ್ಫಿನ ಬಗ್ಗೆ ನಿನಗೇನು ಗೊತ್ತು ಎಂದು ತಿರ್ಸೋ ಕೇಳಿದ್ದಕ್ಕೆ, ಅಂಕ ಬರೆದುಕೊಳ್ಳಲು ಆಟ ಗೊತ್ತಿರಬೇಕಾಗಿಲ್ಲ, ಲೆಕ್ಕ ಗೊತ್ತಿದ್ದರೆ ಸಾಕು ಎಂದ. ತಿರ್ಸೋಗೆ ಆ ಉತ್ತರ ಹಿಡಿಸಿತು.

ಡೆನ್ಸಿಯೋಗೆ ಒಂದೇ ಒಂದು ಅನುಮಾನವಿತ್ತು. ಅದು ಫಾದರ್ ಮೆಲೆಸಿಯೋ. ಈ ಪಾದ್ರಿ ಪ್ರತಿ ವರ್ಷ ಕೊನೆಯಿಂದ ಎರಡನೆಯವರು, ಡೆನ್ಸಿಯೋಗಿಂತ ಒಂದೋ ಎರಡೋ ಹೊಡೆತ ಮಾತ್ರ ಕಡಿಮೆ. ಈ ಸಲ ಅವರ ಭುಜ ಬೇರೆ ಹಿಡಿದುಕೊಂಡಿತ್ತು. ವ್ಯಾನಿನಲ್ಲಿ ಅವರ ಪಕ್ಕ ಕೂತು, ದಯವಿಟ್ಟು ನನಗಿಂತ ಕೆಟ್ಟದಾಗಿ ಆಡಬೇಡಿ ಎಂದು ಡೆನ್ಸಿಯೋ ಕಿವಿಯಲ್ಲಿ ಬೇಡಿಕೊಂಡ. ಕಾರಣವನ್ನೂ ಹೇಳಿದ. ಫಾದರ್ ಅನಾನಸ್ ತೋಟಗಳಿಂದ ಕಣ್ಣು ತೆಗೆದು ಅವನ ಕಡೆ ತಿರುಗಿದರು.

“ಗೆಲ್ಲೋಕೆ ಅಂತ ಮೋಸ ಮಾಡಿದೋರನ್ನ ಬೇಕಾದಷ್ಟು ಜನಾನ ಕ್ಷಮಿಸಿದ್ದೀನಿ ಡೆನ್ಸಿಯೋ. ಸೋಲೋಕೆ ಮೋಸ ಮಾಡೋರಿಗೆ ಏನು ಪ್ರಾಯಶ್ಚಿತ್ತ ಕೊಡ್ಬೇಕು ಅಂತ ನಮಗೆ ಯಾರೂ ಹೇಳಿಕೊಟ್ಟಿಲ್ಲ. ನಾನು ನನ್ನ ಆಟ ಆಡ್ತೀನಿ. ನೀನು ನಿನ್ನ ಆಟ ಆಡು.”

ಆ ಸಂಜೆ ಎಲ್ಲರೂ ಹಂದಿ ಸುಟ್ಟು, ತೆಂಗಿನ ಹೆಂಡ ಇಳಿಸಿ, ಹೈಸ್ಕೂಲಿನ ಹಾಡು ಹಾಡುತ್ತ ಕೂತರು. ಡೆನ್ಸಿಯೋ ಮಾತ್ರ ಹೊಟ್ಟೆ ಸರಿಯಿಲ್ಲ ಎಂದು ಬೇಗ ಮಲಗಿದ. ಅವನು ಮಾಡಿದ ಮೊದಲ ತಪ್ಪು ಅದೇ. ಬೆಳಗ್ಗೆ ಮೈದಾನಕ್ಕೆ ಇಳಿದಾಗ ಎಂಟು ಜನರಲ್ಲಿ ಏಳು ಜನಕ್ಕೆ ಚೆಂಡು ಎರಡೆರಡಾಗಿ ಕಾಣುತ್ತಿತ್ತು. ನಿದ್ದೆಯಾದವನು ಅವನೊಬ್ಬನೇ.

ಎರಡನೆಯ ತಪ್ಪು ಮೈಯದು. ಆರು ವರ್ಷ ಅವನು ಗೆಲ್ಲಬೇಕೆಂದು ಹೊಡೆದಿದ್ದ. ಆಗೆಲ್ಲ ಹಲ್ಲು ಕಚ್ಚಿಕೊಳ್ಳುತ್ತಿತ್ತು, ಭುಜ ಕಿವಿಗೆ ಏರುತ್ತಿತ್ತು, ಮೊಣಕಾಲು ಒಂದು ಕಡೆ, ಸೊಂಟ ಇನ್ನೊಂದು ಕಡೆ ಹೊರಡುತ್ತಿತ್ತು. ಈ ಸಲ ಸೋತರೆ ಸಾಕು ಎಂದು ಮೈ ಸಡಿಲ ಬಿಟ್ಟು ಕೋಲು ಬೀಸಿದ. ದಿನಾ ಬೆಳಗ್ಗೆ ಒಂದೊಂದು ಬಕೆಟ್ ಹೊಡೆದಿದ್ದ ಅಭ್ಯಾಸವೆಲ್ಲ ಎಲ್ಲಿ ಅಡಗಿ ಕೂತಿತ್ತೋ, ಒಮ್ಮೆಗೇ ಹೊರಗೆ ಬಂತು. ಚೆಂಡು ನೂಲು ಹಿಡಿದಂತೆ ನೆಟ್ಟಗೆ ಹೋಗಿ ಗುಳಿಯ ಗುರುತಿಗೆ ನೆಟ್ಟ ಬಾವುಟದ ಪಕ್ಕ ಕೂತಿತು. ತಿರ್ಸೋ ಕುರುಡು ಕೋಳಿಗೂ ಕಾಳು ಸಿಗುತ್ತದೆ ಎಂದು ನಕ್ಕ. ಡೆನ್ಸಿಯೋ ಬೆವರಿದ.

ಎಲ್ಪಿದಿಯೋ ಇನ್ನೂ ಹೆಚ್ಚು ಬೆವರಿದ. ಮೊದಲ ಗುಳಿಯಲ್ಲಿ ಫಾದರ್ ಒಂಬತ್ತು, ತಿರ್ಸೋ ಏಳು, ನಮ್ಮವರು ಬರೀ ನಾಲ್ಕು ಎಂದು ಅವನು ಕ್ಯಾಪ್ಟನ್ನರಿಗೆ ತಿಳಿಸಿದ. ಇನ್ನೂ ಶುರು, ಧೈರ್ಯ ಹೇಳು ಎಂದು ಅಲ್ಲಿಂದ ಉತ್ತರ ಬಂತು. ಐದನೆಯ ಗುಳಿಯ ಹೊತ್ತಿಗೆ ಕ್ಯಾಪ್ಟನ್, ಅವರಿಗೇನಾದರೂ ತಿನ್ನಲು ಕೊಡು ಎಂದರು. ಎಂಟನೆಯ ಗುಳಿಯಲ್ಲಿ ಸಿಮಾ ಫೋನು ಕಸಿದುಕೊಂಡು, ರಕ್ತದೊತ್ತಡದ ಮಾತ್ರೆ ನುಂಗಿದ್ದಾನಾ ಕೇಳು ಎಂದಳು. ಎಲ್ಪಿದಿಯೋ ಓಡೋಡುತ್ತ ಬಂದು ಡೆನ್ಸಿಯೋನ ತೋಳು ಹಿಡಿದುಕೊಂಡ.

“ಏನಾಗಿದೆ ಅಣ್ಣ ನಿಮಗೆ? ಒಂದು ಏಟು ಹೊಡೀತೀರಿ, ನಡ್ಕೊಂಡು ಹೋಗ್ತೀರಿ. ಫಾದರ್ ನೋಡಿ, ಭುಜ ನೋವಿದ್ರೂ ಆ ಮರಳಿನ ಹಳ್ಳದಲ್ಲೇ ಆರು ಹೊಡೆದ್ರು. ದೇವರ ಮನುಷ್ಯ, ಎಷ್ಟು ಕಷ್ಟಪಡ್ತಿದ್ದಾರೆ.”

ಡೆನ್ಸಿಯೋ ಕಷ್ಟಪಡಲಿಲ್ಲ ಎಂದು ಯಾರೂ ಹೇಳುವಂತಿಲ್ಲ. ಒಂಬತ್ತನೆಯ ಗುಳಿಯಲ್ಲಿ ಬೇಕೆಂದೇ ಮರಕ್ಕೆ ಗುರಿಯಿಟ್ಟು ಹೊಡೆದ. ಚೆಂಡು ಮರಕ್ಕೆ ಬಡಿದು, ಬಂದ ದಾರಿ ಬಿಟ್ಟು ಒಳ್ಳೆಯ ದಾರಿ ಹಿಡಿದು, ಬಾವುಟದ ಮುಂದೆ ನಿಂತಿತು. ಹನ್ನೊಂದನೆಯದರಲ್ಲಿ ನೀರಿಗೆ ಹೊಡೆದ. ನೀರಿನಲ್ಲಿ ಪಕ್ಕದ ಹಳ್ಳಿಯ ಎಮ್ಮೆಯೊಂದು ಮುಳುಗಿ ಮಲಗಿತ್ತು. ಚೆಂಡು ಅದರ ಬೆನ್ನಿಗೆ ಬಡಿದು ಪುಟಿದು ದಡ ಸೇರಿತು. ಎಮ್ಮೆ ಎದ್ದು ಅವನನ್ನು ಒಂದು ಸಲ ನೋಡಿ ಮತ್ತೆ ಮಲಗಿತು. ಅದೃಷ್ಟ ಬೇಡ ಅಂದವನ ಮನೆ ಬಾಗಿಲನ್ನು ಬಡಿದು ಬಡಿದು ಒಳಗೆ ಬರುತ್ತದಂತೆ.

ಇತ್ತ ತಿರ್ಸೋ ಹನ್ನೆರಡನೆಯ ಗುಳಿಯಲ್ಲಿ ಒಂದು ದೊಡ್ಡ ಸೀನು ಸೀನಿ ಸೊಂಟ ಹಿಡಿಸಿಕೊಂಡ. ಬಗ್ಗಿದರೆ ಏಳಲಾರ, ಎದ್ದರೆ ಬಗ್ಗಲಾರ. ಆದರೂ ಬಾಯಿ ಮಾತ್ರ ಹಿಡಿದುಕೊಂಡಿರಲಿಲ್ಲ. ಲೆಕ್ಕ ಬರೆಯುತ್ತಿದ್ದ ಫಾದರನ್ನು ಅವನು ಏನೂ ಕೇಳಲಿಲ್ಲ. ಕೇಳುವ ಅಗತ್ಯವೇನು? ಮೊದಲು ಯಾರು, ಕೊನೆಗೆ ಯಾರು ಎಂಬುದು ಅವನ ಪ್ರಕಾರ ಹೈಸ್ಕೂಲಿನಲ್ಲೇ ತೀರ್ಮಾನವಾಗಿತ್ತು.

ಕೊನೆಯ ಗುಳಿಗೆ ಮುಂಚೆ ಒಂದು ತಡಿಕೆಯ ಅಂಗಡಿಯಿದೆ. ಎಲ್ಲರೂ ಅಲ್ಲಿ ಎಳನೀರು ಕುಡಿಯಲು ಕೂತರು. ಡೆನ್ಸಿಯೋ ಫಾದರನ್ನು ಪಕ್ಕಕ್ಕೆ ಕರೆದು ಲೆಕ್ಕ ಕೇಳಿದ. ಎಲ್ಲರಿಗಿಂತ ಮುಂದಿರುವವನು ಅವನೇ. ಹಲ್ಲಿನ ಡಾಕ್ಟರು ಬೋನಿ ಒಂದೇ ಹೊಡೆತ ಹಿಂದೆ. ಕೊನೆಯಲ್ಲಿರುವವನು ತಿರ್ಸೋ. ಆದರೆ ದಾರಿ ಇನ್ನೂ ಮುಚ್ಚಿರಲಿಲ್ಲ. ಕೊನೆಯ ಗುಳಿಯ ಎಡಕ್ಕೆ ದೊಡ್ಡ ಕೆರೆಯಿದೆ, ಅದರಲ್ಲಿ ಎಮ್ಮೆಗಳೂ ಇಲ್ಲ. ಚೆಂಡಿನ ಮೇಲೆ ಚೆಂಡು ಅದಕ್ಕೆ ಹೊಡೆಯುತ್ತ ಹೋದರೆ ಕತ್ತಲಾಗುವುದರೊಳಗೆ ಕೊನೆಯ ಸ್ಥಾನ ಸಿಕ್ಕೇ ಸಿಗುತ್ತದೆ. ಮೈದಾನ ಉಳಿಯುತ್ತದೆ. ಜೇಬಿನಲ್ಲಿದ್ದ ಚೆಂಡುಗಳನ್ನು ಮುಟ್ಟಿ ನೋಡಿಕೊಂಡ. ಬೇಕಾದಷ್ಟಿದ್ದವು.

ಆಗ ತಿರ್ಸೋ ದೊಡ್ಡ ಕಪ್ಪನ್ನು ತರಿಸಿ ಮೇಜಿನ ಮೇಲೆ ಇಡಿಸಿದ. ಚೀಲದಿಂದ ಒಂದು ಪೊಟ್ಟಣ ತೆಗೆದು ಡೆನ್ಸಿಯೋನ ಮುಂದೆ ಬಿಚ್ಚಿದ. ಒಳಗೆ ಹೊಳೆಯುವ ತಗಡುಗಳು.

“ಪ್ರತಿ ವರ್ಷ ಇಳಿಯೋ ದಾರೀಲಿ ಕೆತ್ತೋನು ಗಂಟೆಗಟ್ಟಲೆ ಕಾಯಿಸ್ತಾನೆ ಕಣೋ. ಅದಕ್ಕೆ ಈ ಸಲದ್ದು ಮೊದ್ಲೇ ಕೆತ್ತಿಸ್ಬಿಟ್ಟೆ. ಒಟ್ಟಿಗೆ ಮಾಡಿಸಿದ್ರೆ ಅಗ್ಗ ಆಗುತ್ತೆ ಅಂದ, ಮುಂದಿನ ಐದು ವರ್ಷದ್ದೂ ಮಾಡಿಸ್ಬಿಟ್ಟೆ. ನೋಡು, ಕಾಗುಣಿತ ಸರಿ ಇದೆಯಾ?”

ಡೆನ್ಸಿಯೋ ಒಂದೊಂದನ್ನೇ ಎತ್ತಿ ಓದಿದ. ಈ ವರ್ಷ ಡೆನ್ಸಿಯೋ, ಅತಿ ಹೆಚ್ಚು ಹೊಡೆತ. ಬರುವ ವರ್ಷ ಡೆನ್ಸಿಯೋ, ಅತಿ ಹೆಚ್ಚು ಹೊಡೆತ. ಅದರ ಆಚೆಯ ವರ್ಷವೂ ಅವನೇ. ಕೊನೆಯ ತಗಡಿನ ವರ್ಷಕ್ಕೆ ಅವನು ಬದುಕಿರುತ್ತಾನೋ ಇಲ್ಲವೋ ದೇವರಿಗೇ ಗೊತ್ತಿರಲಿಲ್ಲ. ಸೋಲುತ್ತಾನೆ ಎಂಬುದು ತಿರ್ಸೋಗೆ ಗೊತ್ತಿತ್ತು. ಸುತ್ತ ಕೂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಡೆನ್ಸಿಯೋ ತಗಡುಗಳನ್ನು ನೀಟಾಗಿ ಜೋಡಿಸಿ ಪೊಟ್ಟಣ ಕಟ್ಟಿ ಹಿಂದಕ್ಕೆ ಕೊಟ್ಟ. ಕಾಗುಣಿತ ಸರಿಯಿದೆ, ಹೆಸರು ತಪ್ಪಿದೆ ಎಂದ.

ಎದ್ದು ಹೋಗಿ ಚೆಂಡಿಟ್ಟ. ಕೆರೆ ಎಡಕ್ಕಿತ್ತು. ಬಾವುಟ ನೆಟ್ಟಗಿತ್ತು. ಅಣ್ಣ, ಈ ಒಂದರಲ್ಲಾದರೂ ಹೆಚ್ಚು ಹೊಡೆಯಿರಿ ಎಂದು ಎಲ್ಪಿದಿಯೋ ಹಿಂದಿನಿಂದ ಅಂಗಲಾಚಿದ. ಡೆನ್ಸಿಯೋ ಅತ್ತ ತಿರುಗಲಿಲ್ಲ. ಈ ಸಲ ಗೆಲ್ಲಲೇಬೇಕೆಂದು ಹೊಡೆದ. ಹಲ್ಲು ಕಚ್ಚಿತು, ಭುಜ ಏರಿತು, ಸೊಂಟ ತನ್ನ ದಾರಿ ತಾನು ಹಿಡಿಯಿತು. ಆದರೂ ಚೆಂಡು ಹಟ ಹಿಡಿದವನ ಚೆಂಡಾಗಿ ಮುಂದೆಯೇ ಹೋಯಿತು. ಯಾವ ಮರವೂ ಯಾವ ಎಮ್ಮೆಯೂ ಸಹಾಯಕ್ಕೆ ಬರಲಿಲ್ಲ. ಐದನೆಯ ಹೊಡೆತಕ್ಕೆ ಚೆಂಡು ಗುಳಿಗೆ ಬಿತ್ತು. ಬೋನಿಗೆ ಆರು ಬೇಕಾಯಿತು. ತಿರ್ಸೋಗೆ ಎಷ್ಟು ಬೇಕಾಯಿತೆಂದು ಫಾದರ್ ಬರೆದುಕೊಂಡರು, ದಯೆಯಿಂದ ಗಟ್ಟಿಯಾಗಿ ಓದಲಿಲ್ಲ.

ಸಣ್ಣ ಕಪ್ಪನ್ನು ಕೊಡುವಾಗ ತಿರ್ಸೋನ ಕೈ ಅದನ್ನು ಬಿಡಲೊಲ್ಲದು, ಡೆನ್ಸಿಯೋ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ತೆಗೆದುಕೊಳ್ಳಬೇಕಾಯಿತು. ದೊಡ್ಡ ಕಪ್ಪನ್ನು ಹೊರಲು ತಿರ್ಸೋಗೆ ಸೊಂಟ ಇರಲಿಲ್ಲ, ನಾಲ್ಕು ಜನ ಗೆಳೆಯರು ಸಂತೋಷದಿಂದ ಹೊತ್ತುಕೊಟ್ಟರು. ಎಲ್ಪಿದಿಯೋ ಲೆಕ್ಕವನ್ನು ಎರಡೆರಡು ಸಲ ಕೂಡಿ, ‘ನಮ್ಮವರದೇ ಎಲ್ಲರಿಗಿಂತ ಕಡಿಮೆ’ ಎಂದು ಬಡಾವಣೆಗೆ ಸುದ್ದಿ ಕಳಿಸಿ ಫೋನನ್ನು ಜೇಬಿಗೆ ಹಾಕಿಕೊಂಡ. ತಿರ್ಸೋನನ್ನು ದೊಡ್ಡ ಕಪ್ಪಿನ ಸಮೇತ ಅವನ ಮನೆಯಲ್ಲಿ ಇಳಿಸಿ ವ್ಯಾನು ಲುನಾಯ್ ಬಡಾವಣೆಯ ದಾರಿ ಹಿಡಿಯಿತು.

ಮೈದಾನದಲ್ಲಿ ಊರಿಗೆ ಊರೇ ನೆರೆದಿತ್ತು. ಬ್ಯಾಂಡಿನವರು ಬಂದಿದ್ದರು, ಆದರೆ ಏನು ಬಾರಿಸಬೇಕೆಂದು ಯಾರೂ ಹೇಳಿರಲಿಲ್ಲ. ಎಂಜಿನಿಯರ್ ವಲ್ಮೋರೆಸ್ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಒಗ್ಗರಣೆ ಶಾವಿಗೆ ತಿನ್ನುತ್ತಿದ್ದರು. ಅವರ ಹೊಚ್ಚ ಹೊಸ ಬಿಳಿ ಕಾರು ಗೇಟಿನ ಒಳಗೆ ಬೇಲಿಯ ಪಕ್ಕ ನಿಂತಿತ್ತು. ಡೆನ್ಸಿಯೋ ವ್ಯಾನಿನಿಂದ ಇಳಿಯುತ್ತಿದ್ದಂತೆಯೇ ಕ್ಯಾಪ್ಟನ್ ಅವನನ್ನು ವ್ಯಾನಿನ ಹಿಂದಕ್ಕೆ ಎಳೆದುಕೊಂಡು ಹೋದರು. ಅಲ್ಲಿ ಒಂದು ಭಾರೀ ಕಪ್ ತಯಾರಾಗಿತ್ತು. ಬಡಾವಣೆಯ ಬ್ಯಾಸ್ಕೆಟ್‌ಬಾಲ್ ತಂಡದ್ದು. ನೆತ್ತಿಯ ಮೇಲಿದ್ದ ಆಟಗಾರನ ಕೈಯಿಂದ ಚೆಂಡನ್ನು ಮುರಿದು ತೆಗೆದು, ಆ ಜಾಗದಲ್ಲಿ ಐಸ್‌ಕ್ರೀಮಿನ ಕಡ್ಡಿಯೊಂದನ್ನು ಗಾಲ್ಫ್ ಕೋಲಿನ ಹಾಗೆ ಅಂಟಿಸಿದ್ದರು.

“ಇದನ್ನ ಎತ್ತಿ ಹಿಡ್ಕೊಂಡು ಬಾ. ಬಾಯಿ ಬಿಡ್ಬೇಡ. ಬಾಯಿ ಬಿಡದೇ ಇರೋದ್ರಲ್ಲಿ ನಿನ್ನಷ್ಟು ಜಾಣ ಇನ್ನೊಬ್ಬ ಇಲ್ಲ. ದೂರದಿಂದ ತೋರ್ಸು ಸಾಕು, ಅವರು ಬರ್ಕೊಂಡು ಹೋಗ್ತಾರೆ.”

“ಬೇಡ ಕ್ಯಾಪ್ಟನ್,” ಎಂದ ಡೆನ್ಸಿಯೋ. “ನಾನು ಗೆದ್ದಿದ್ದೀನಿ.”

ಪಾಪ, ಬಿಸಿಲಿಗೆ ಹೀಗಾಗಿದೆ ಎಂದು ಕ್ಯಾಪ್ಟನ್ ಅವನ ಹಣೆ ಮುಟ್ಟಿ ನೋಡಿದರು. ಸೋಲುವುದು ಎಲ್ಲರ ಬಾಳಿನಲ್ಲೂ ಇದೆ, ಈಗ ಬಡಾವಣೆಯ ಮಾನ ನೋಡು, ಸಂಜೆ ಅಳುವೆಯಂತೆ ಎಂದು ಸಮಾಧಾನ ಹೇಳಿದರು. ವ್ಯಾನಿನ ಬಾಗಿಲ ಹತ್ತಿರ ನಿಂತಿದ್ದ ಸಿಮಾ, ನೀನು ಸೋತರೂ ನನಗೆ ನೀನೇ ಎಂದಳು. ಮೂವತ್ತೈದು ವರ್ಷದಲ್ಲಿ ಅವಳು ಇಷ್ಟು ಮೃದುವಾಗಿ ಮಾತಾಡಿದ್ದು ಇದೇ ಮೊದಲು. ಗೆದ್ದ ದಿನವೇ ಅದನ್ನು ಕೇಳಬೇಕಾಗಿ ಬಂದದ್ದಕ್ಕೆ ಡೆನ್ಸಿಯೋಗೆ ಮೈಯೆಲ್ಲ ಉರಿಯಿತು.

ಜೇಬಿನಿಂದ ಸಣ್ಣ ಕಪ್ ತೆಗೆದು, ಎರಡು ಬೆರಳಲ್ಲಿ ಎತ್ತಿ ಹಿಡಿದುಕೊಂಡು ಅವನು ನೇರವಾಗಿ ಎಂಜಿನಿಯರ ಮುಂದೆ ಹೋಗಿ ನಿಂತ. ಹಿಂದಿನ ಸಾಲಿನವರಿಗೆ ಅವನ ಬೆರಳು ಮಾತ್ರ ಕಾಣಿಸಿತು. ಅವರು ಅದಕ್ಕೂ ಚಪ್ಪಾಳೆ ತಟ್ಟಿದರು.

“ಎಂಜಿನಿಯರ್, ಇದು ಮೊದಲು ಬಂದವನಿಗೆ ಕೊಡೋ ಕಪ್. ಆ ಬ್ಯಾನರಿನಲ್ಲಿರೋದು ಕೊನೆಗೆ ಬಂದವನಿಗೆ ಕೊಡೋದು. ಅತಿ ಹೆಚ್ಚು ಹೊಡೆತ ಅಂದ್ರೆ ಅತಿ ದಡ್ಡ ಆಟ ಅಂತ. ಆರು ವರ್ಷ ನಾನೇ ಕೊನೆ. ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ.”

ಚಪ್ಪಾಳೆ ನಿಂತಿತು. ಬ್ಯಾಂಡಿನವರು ವಾದ್ಯ ಕೆಳಗಿಟ್ಟರು. ಎಲ್ಪಿದಿಯೋ ಫೋನು ತೆಗೆದು ಲೆಕ್ಕವನ್ನು ತಲೆಕೆಳಗಾಗಿ ಹಿಡಿದು ನೋಡಿದ. ಆರು ವರ್ಷ ಆ ದರಿದ್ರವನ್ನು ಹುಣಸೆಯಲ್ಲಿ ಉಜ್ಜಿದ್ದು ನಾನು ಎಂದು ಸಿಮಾ ಅಲ್ಲಿಂದಲೇ ಹೇಳಿದಳು. ಮೃದುತ್ವ ಮುಗಿದಿತ್ತು. ಕ್ಯಾಪ್ಟನ್ ಹಾರದ ಅಂಗಡಿಯವನಿಗೆ ಕಣ್ಸನ್ನೆ ಮಾಡಿ, ಹಾರ ಒಳಗಿಡು ಎಂದರು. ಡೆನ್ಸಿಯೋ ಇದನ್ನೆಲ್ಲ ನೋಡಿದ. ಹೆದರಬೇಕಾಗಿತ್ತು, ಆದರೆ ಆ ದಿನದ ಮಟ್ಟಿಗೆ ಅವನ ಹೆದರಿಕೆ ಖರ್ಚಾಗಿ ಹೋಗಿತ್ತು.

“ದಿನಾ ಬೆಳಗ್ಗೆ ಇದೇ ಹುಲ್ಲಿನ ಮೇಲೆ ಹೊಡೆದೂ ಹೊಡೆದೂ ಇವತ್ತು ಮೊದಲು ಬಂದಿದ್ದೀನಿ. ಇದಕ್ಕಿಂತ ದೊಡ್ಡ ಸಾಕ್ಷಿ ನನ್ನ ಹತ್ರ ಇಲ್ಲ. ಕಸದ ಲಾರಿ ತರ್ತೀರಾ, ತನ್ನಿ. ಲಾರಿಗಳ ಮಧ್ಯೆ ನಿಂತು ಹೊಡೀತೀನಿ. ನಾಳೆನೂ ಬರ್ತೀನಿ, ನಾಡಿದ್ದೂ ಬರ್ತೀನಿ.”

ಎಂಜಿನಿಯರ್ ಸಣ್ಣ ಕಪ್ಪನ್ನು ತೆಗೆದುಕೊಂಡು ತಿರುಗಿಸಿ ನೋಡಿದರು. ನಾನೂ ಭಾನುವಾರಗಳಲ್ಲಿ ಗಾಲ್ಫ್ ಆಡುವುದುಂಟು, ಬ್ಯಾನರಿನಲ್ಲಿದ್ದ ತಗಡನ್ನು ಮೊದಲ ದಿನವೇ ಓದಿಕೊಂಡಿದ್ದೆ, ಈ ಚಾಂಪಿಯನ್ ಏನು ಹೇಳುತ್ತಾನೋ ನೋಡೋಣವೆಂದೇ ಬಂದೆ ಎಂದರು. ಆಮೇಲೆ ಕರವಸ್ತ್ರದಲ್ಲಿ ಬಾಯಿ ಒರೆಸಿಕೊಂಡು, ಇಷ್ಟು ಮಾತಾಡುತ್ತೀರಲ್ಲ, ಒಂದು ಹೊಡೆದು ತೋರಿಸಿ ಎಂದರು.

ಜನ ಎರಡು ಭಾಗವಾಗಿ ದಾರಿ ಬಿಟ್ಟರು. ಡೆನ್ಸಿಯೋ ವ್ಯಾನಿನಿಂದ ಕೋಲು ತಂದು ಚೆಂಡಿಟ್ಟ. ಎದುರಿಗೆ ಖಾಲಿ ಮೈದಾನ, ಅದರ ತುದಿಯಲ್ಲಿ ಮಾವಿನ ಮರ. ಕೋಲು ಎತ್ತಿ ಬೀಸಿದ. ಚೆಂಡು ಮಾವಿನ ಮರದ ಕಡೆಗೆ ಹೊರಟು, ನಡುದಾರಿಯಲ್ಲಿ ಏನೋ ನೆನಪಾದಂತೆ ಬಲಕ್ಕೆ ಬಾಗಿ, ಬ್ಯಾನರಿನಲ್ಲಿದ್ದ ಕ್ಯಾಪ್ಟನ್ನರ ಮೂಗನ್ನು ಸವರಿಕೊಂಡು ಹಾದು, ಎಂಜಿನಿಯರ ಹೊಸ ಕಾರಿನ ಮುಂದಿನ ಗಾಜಿನ ನಟ್ಟನಡುವೆ ಬಿತ್ತು. ಗಾಜು ಜೋಳದ ಅರಳಿನ ಹಾಗೆ ಸುರಿಯುವ ಸದ್ದು ಎಲ್ಲರಿಗೂ ಕೇಳಿಸಿತು.

ಎಂಜಿನಿಯರ್ ಕಾರಿನ ಹತ್ತಿರ ನಡೆದುಕೊಂಡು ಹೋದರು. ಒಳಗೆ ಕೈ ಹಾಕಿ, ಸೀಟಿನ ಮೇಲಿದ್ದ ಚೆಂಡನ್ನು ತೆಗೆದುಕೊಂಡರು. ಅಲ್ಲಿಂದ ತಿರುಗಿ ಮೈದಾನವನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಅಲ್ಲಿ ಸಾಲಾಗಿ ನಿಲ್ಲಬೇಕಾಗಿದ್ದ ಲಾರಿಗಳು, ಅವುಗಳ ಗಾಜುಗಳು ಅವರ ಕಣ್ಣಿಗೆ ಕಟ್ಟಿದಂತಿತ್ತು. ದಿನಕ್ಕೆ ಎಷ್ಟು ಚೆಂಡು ಹೊಡೆಯುತ್ತೀರಿ ಎಂದು ಕೇಳಿದರು. ಒಂದು ಬಕೆಟ್ ಎಂದ ಡೆನ್ಸಿಯೋ.

“ಇದು ಕೈ ತಪ್ಪಿ ಬಿದ್ದಿದ್ದಾ, ಗುರಿಯಿಟ್ಟು ಹೊಡೆದಿದ್ದಾ?”

ಕೈ ತಪ್ಪಿತು ಅನ್ನು ಎಂದು ಕ್ಯಾಪ್ಟನ್ ಕಣ್ಣಿನಲ್ಲೇ ಬೇಡಿಕೊಂಡರು. ಎಲ್ಪಿದಿಯೋ ಕೈ ಮುಗಿದ. ಸಿಮಾ ಮಾತ್ರ ಗಂಡನನ್ನು ಮೊದಲ ಸಲ ನೋಡುವವಳ ಹಾಗೆ ನೋಡುತ್ತಿದ್ದಳು. ಡೆನ್ಸಿಯೋ ಜೇಬಿಗೆ ಕೈ ಹಾಕಿ ಇನ್ನೊಂದು ಚೆಂಡು ತೆಗೆದು ಹುಲ್ಲಿನ ಮೇಲಿಟ್ಟ.

“ಗುರಿಯಿಟ್ಟೇ ಹೊಡೆದಿದ್ದು. ಅನುಮಾನ ಇದ್ರೆ ಇನ್ನೊಂದು ಹೊಡೀತೀನಿ, ಹಿಂದಿನ ಗಾಜೂ ಇದೆಯಲ್ಲ.”

ಬೇಡ ಎಂದು ಎಂಜಿನಿಯರ್ ಎರಡೂ ಕೈ ಎತ್ತಿದರು. ಕಾರಿನ ಮೇಲೆಯೇ ಕಾಗದವಿಟ್ಟು, ಈ ಮೈದಾನ ಲಾರಿ ನಿಲ್ಲಿಸಲು ಯೋಗ್ಯವಲ್ಲ ಎಂದು ಬರೆದು ಸಹಿ ಹಾಕಿದರು. ಡೆನ್ಸಿಯೋ ಅವರು ಸಹಿ ಮುಗಿಸುವವರೆಗೂ ಕೋಲು ಕೆಳಗಿಳಿಸಲಿಲ್ಲ.